ಜೂಡೋ ಪಂದ್ಯದ ನಿಯಮಗಳು: ಕೊಡಗಿನ ಅಪ್ಪ-ಅಮ್ಮಂದಿರು, ಪಿಟಿ ಮೇಷ್ಟ್ರುಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ಹಾಕಿ ನಿಯಮ ಯಾರಿಗೂ ಹೇಳಿಕೊಡಬೇಕಿಲ್ಲ. ಕುಟುಂಬ ಹಾಕಿ ಹಬ್ಬದಲ್ಲಿ ಗ್ಯಾಲರಿಯಲ್ಲಿ ಕೂತ ಅಜ್ಜಿ ಕೂಡ ಅಂಪೈರ್ ತಪ್ಪು ಹಿಡಿಯುತ್ತಾರೆ. ಜೂಡೋ ಮ್ಯಾಟಿನ ಪಕ್ಕ ಮಾತ್ರ ಕಥೆ ಬೇರೆ. ಮಗ ಗೆದ್ದನಾ, ಸೋತನಾ ಅಂತ ಪಕ್ಕದವರನ್ನು ಕೇಳುವ ಪೋಷಕರೇ ಜಾಸ್ತಿ. ಶಾಲಾ ಕೂಟಗಳಲ್ಲಿ ಸ್ಕೋರ್ ಮೇಜಿನ ಹಿಂದೆ ಕೂರುವವರಿಗೆ ಈ ಪ್ರಶ್ನೆಗಳೆಲ್ಲ ಬಾಯಿಪಾಠ ಆಗಿಬಿಟ್ಟಿವೆ.

ಮಗು ಎಸೆತ ತಿಂದು ಸೋತರೆ ಬೇಜಾರಿಲ್ಲ, ಆಟ ಅಂದಮೇಲೆ ಅದು ಇದ್ದದ್ದೇ. ಕೋಟಿನ ತೋಳು ಗಿಡ್ಡವಾಯಿತು, ಅರ್ಧ ಕೆಜಿ ಹೆಚ್ಚಾಯಿತು, ಗೊತ್ತಿಲ್ಲದೆ ಕಾಲು ಹಿಡಿದ ಅಂತ ಸೋಲುವುದನ್ನು ನೋಡಲಾಗುವುದಿಲ್ಲ. ಹಾಗಾಗಿ ಅಂಥ ವಿಷಯಗಳನ್ನೇ ಇಲ್ಲಿ ಸ್ವಲ್ಪ ಉದ್ದಕ್ಕೆ ಬರೆದಿದ್ದೇನೆ. ಇಲ್ಲಿರುವುದು ಅಂತಾರಾಷ್ಟ್ರೀಯ ಜೂಡೋ ಫೆಡರೇಷನ್ನಿನ ನಿಯಮಗಳು, 2025ರ ಬದಲಾವಣೆಗಳೂ ಸೇರಿ. ಶಾಲಾ ಕೂಟಗಳಲ್ಲಿ ವಯಸ್ಸು, ತೂಕ, ಪಂದ್ಯದ ಸಮಯ ಬೇರೆ ಇರಬಹುದು. ಕೂಟದ ಸುತ್ತೋಲೆ ಏನು ಹೇಳುತ್ತದೋ ಅದೇ ಅಂತಿಮ.

ಜೂಡೋದಲ್ಲಿ ಗೆಲ್ಲುವುದು ಹೇಗೆ?

ಇಪ್ಪೊನ್, ಅಂದರೆ ಪೂರ್ತಿ ಅಂಕ, ಸಿಕ್ಕರೆ ಆಟ ಅಲ್ಲಿಗೇ ಮುಗಿಯಿತು. ಪಂದ್ಯ ಶುರುವಾಗಿ ಐದೇ ಸೆಕೆಂಡ್ ಆಗಿದ್ದರೂ ಸರಿ. ಎದುರಾಳಿಯನ್ನು ಬಲವಾಗಿ, ವೇಗವಾಗಿ, ಹಿಡಿತ ತಪ್ಪದಂತೆ ಬೆನ್ನ ಮೇಲೆ ಕೆಡವಿದರೆ ಇಪ್ಪೊನ್. ನೆಲದಲ್ಲಿ 20 ಸೆಕೆಂಡ್ ಒತ್ತಿ ಹಿಡಿದರೂ ಇಪ್ಪೊನ್. ಕತ್ತಿನ ಪಟ್ಟು ಅಥವಾ ಮೊಣಕೈ ಪಟ್ಟಿಗೆ ಎದುರಾಳಿ ತಟ್ಟಿ ಸೋಲೊಪ್ಪಿಕೊಂಡರೂ ಅಷ್ಟೇ.

ಎಸೆತ ಚೆನ್ನಾಗಿದೆ, ಆದರೆ ಮೇಲೆ ಹೇಳಿದ್ದರಲ್ಲಿ ಏನೋ ಒಂದು ಕಡಿಮೆಯಾಯಿತು ಅಂದುಕೊಳ್ಳಿ. ಆಗ ವಾಜಾ-ಅರಿ. ಎರಡು ವಾಜಾ-ಅರಿ ಸೇರಿದರೆ ಒಂದು ಇಪ್ಪೊನ್. ಅದಕ್ಕೂ ಕೆಳಗೆ ಯೂಕೋ. ಮೈ ಬರೀ ಪಕ್ಕಕ್ಕೆ ಬಿದ್ದರೆ ಸಾಮಾನ್ಯವಾಗಿ ಯೂಕೋ, ಪಕ್ಕದಿಂದ ಬೆನ್ನಿನ ಕಡೆಗೆ ವಾಲಿದರೆ ವಾಜಾ-ಅರಿ. ಹೊಟ್ಟೆ ಮೇಲೆ ಅಥವಾ ಮಂಡಿ ಮೇಲೆ ಬಿದ್ದರೆ ಏನೂ ಇಲ್ಲ. ಗ್ಯಾಲರಿಯಲ್ಲಿ ಎಷ್ಟೇ ಚಪ್ಪಾಳೆ ಬಿದ್ದರೂ ಇಲ್ಲ.

ಯೂಕೋಗಳು ಎಷ್ಟು ಸೇರಿದರೂ ವಾಜಾ-ಅರಿ ಆಗುವುದಿಲ್ಲ. ಐದು ಯೂಕೋ ಇರುವವನ ಎದುರು ಒಂದು ವಾಜಾ-ಅರಿ ಇರುವವನೇ ಗೆದ್ದ. ಇದು ಅನ್ಯಾಯ ಅಂತ ಪ್ರತಿ ಕೂಟದಲ್ಲೂ ಒಬ್ಬರಾದರೂ ಮೇಜಿನ ಬಳಿ ಬರುತ್ತಾರೆ. ಅನ್ಯಾಯವಲ್ಲ. ಚಿಲ್ಲರೆ ಅಂಕ ಕೂಡಿಹಾಕಿಕೊಂಡು ಓಡಾಡುವ ಆಟವಾಗಬಾರದು, ಮಕ್ಕಳು ದೊಡ್ಡ ಎಸೆತಕ್ಕೆ ಕೈ ಹಾಕಬೇಕು ಅನ್ನುವುದು ಇದರ ಉದ್ದೇಶ.

ನಾನು ಆಡುವಾಗ ಯೂಕೋ ಇತ್ತು, ಆಮೇಲೆ ಇರಲಿಲ್ಲ, ಈಗ ಮತ್ತೆ ಇದೆ ಅಂತಾರೆ. ಏನಿದು?

ನಿಮ್ಮ ನೆನಪು ಸರಿಯಾಗಿಯೇ ಇದೆ. ಹಿಂದೆ ಕೋಕಾ ಅಂತ ಇನ್ನೂ ಸಣ್ಣ ಅಂಕವೊಂದಿತ್ತು, 2009ರಲ್ಲಿ ಹೋಯಿತು. 2017ರಲ್ಲಿ ಯೂಕೋ ತೆಗೆದರು. ಗಂಡಸರ ಪಂದ್ಯವನ್ನು 5 ನಿಮಿಷದಿಂದ 4ಕ್ಕೆ ಇಳಿಸಿದ್ದೂ ಅದೇ ವರ್ಷ. 2025ರಲ್ಲಿ ಯೂಕೋ ವಾಪಸ್ ಬಂತು. ಪ್ರತಿ ಒಲಿಂಪಿಕ್ಸ್ ಮುಗಿದ ಮೇಲೆ ನಿಯಮಕ್ಕೆ ಕೈ ಹಾಕುವುದು ಇವರ ಪದ್ಧತಿ. ಹಳೇ ಕೋಚುಗಳು ಹಳೇ ಲೆಕ್ಕದಲ್ಲೇ ಕೂಗುತ್ತಾರೆ, ಅವರನ್ನು ನಂಬಿ ಮಗು ಆರಾಮಾಗಿ ನಿಂತುಬಿಟ್ಟರೆ ಕಷ್ಟ.

ಜೂಡೋ ಡ್ರೆಸ್ ಚೆಕ್ ಮಾಡುವಾಗ ವಾಪಸ್ ಕಳಿಸಿದರು. ಹೊಸದೇ ತಂದಿದ್ದೆವಲ್ಲ?

ಇದು ನಮ್ಮ ಜಿಲ್ಲೆಯ ಖಾಸಗಿ ಕಷ್ಟ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜೂಡೋದಲ್ಲಿ ಕೋಟೇ ಹಿಡಿಕೆ. ಎದುರಾಳಿಗೆ ಹಿಡಿಯಲು ಬಟ್ಟೆ ಸಿಗಲೇಬೇಕು. ಅದಕ್ಕೇ ಅಳತೆಯ ಬಗ್ಗೆ ಇಷ್ಟು ಕಟ್ಟುನಿಟ್ಟು. ಕೈ ಮುಂದಕ್ಕೆ ಚಾಚಿದಾಗ ತೋಳು ಮಣಿಕಟ್ಟಿನ ತನಕ ಬರಬೇಕು, ಒಳಗೆ ಸಡಿಲವಾಗಿಯೂ ಇರಬೇಕು. ಕೋಟಿನ ಕೆಳಭಾಗ ಪೃಷ್ಠ ಮುಚ್ಚಬೇಕು. ಎದೆಯ ಮೇಲೆ ಎರಡು ಅಂಚುಗಳು ಒಂದರ ಮೇಲೊಂದು ಕನಿಷ್ಠ 20 ಸೆಂಟಿಮೀಟರ್ ಕೂರಬೇಕು. ಪ್ಯಾಂಟು ಹರಡಿನ ಗಂಟಿಗಿಂತ 5 ಸೆಂಟಿಮೀಟರಿಗೂ ಮೇಲೆ ಹೋಗಬಾರದು. ಬೆಲ್ಟ್ ಗಂಟು ಹಾಕಿದ ಮೇಲೆ ತುದಿಗಳು 20ರಿಂದ 30 ಸೆಂಟಿಮೀಟರ್ ಇಳಿಬಿಟ್ಟಿರಬೇಕು.

ಅಂಗಡಿಯಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ಕೆಡುವುದು ಮನೆಯಲ್ಲಿ. ಜೂಡೋ ಕೋಟು ದಪ್ಪ ಹತ್ತಿಯದು, ನೀರು ಹೀರಿದರೆ ಕಂಬಳಿ ಭಾರ. ಜೂನ್‌ನಿಂದ ಸೆಪ್ಟೆಂಬರ್ ತನಕ ಅದನ್ನು ಒಣಗಿಸಲು ಬಿಸಿಲೆಲ್ಲಿದೆ ಇಲ್ಲಿ? ಎರಡು ದಿನ ಹಗ್ಗದ ಮೇಲಿದ್ದರೂ ಮೈ ಒಣಗಿರುತ್ತದೆ, ಕೊರಳ ಪಟ್ಟಿ ಒಣಗಿರುವುದಿಲ್ಲ. ಬೆರಳಲ್ಲಿ ಒತ್ತಿ ನೋಡಿ, ಒಳಗಿನ ಪದರ ಇನ್ನೂ ತಣ್ಣಗಿರುತ್ತದೆ. ಹಾಗೇ ಮಡಚಿಟ್ಟರೆ ವಾರದೊಳಗೆ ಕಪ್ಪು ಬೂಷ್ಟು, ಮುಗ್ಗಲು ವಾಸನೆ. ವಾಸನೆ ಬರುವ ಡ್ರೆಸ್ಸನ್ನೂ ರೆಫರಿ ವಾಪಸ್ ಕಳಿಸಬಹುದು. ಡ್ರೆಸ್ ಸ್ವಚ್ಛವಾಗಿ, ಒಣಗಿರಬೇಕು ಅಂತಲೇ ನಿಯಮವಿದೆ.

ಆಗ ನಮ್ಮವರು ಮಾಡುವುದೇನು? ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ನೇತುಹಾಕುತ್ತಾರೆ. ಬೆಳಗಾಗುವಷ್ಟರಲ್ಲಿ ಗರಿಗರಿ. ಜೊತೆಗೆ ತೋಳು ಎರಡು ಬೆರಳು ಗಿಡ್ಡ, ಹೊಗೆ ವಾಸನೆ ಉಚಿತ. ಬಿಸಿನೀರಲ್ಲಿ ಒಗೆದರೂ ಇದೇ ಗತಿ. ತಣ್ಣೀರಲ್ಲಿ ಒಗೆಯಿರಿ. ಒಳಗೆ ಫ್ಯಾನ್ ಕೆಳಗೆ, ಕೊರಳ ಪಟ್ಟಿ ಮೇಲೆ ಬರುವಂತೆ ತಿರುವಿ ಹಾಕಿ. ಕೊಳ್ಳುವಾಗಲೇ ಒಂದು ಸೈಜ್ ದೊಡ್ಡದು ತೊಗೊಳ್ಳಿ, ಎರಡು ಸಲ ಒಗೆದು ಕುಗ್ಗಿದ ಮೇಲೆ ಕೂಟಕ್ಕೆ ಹಾಕಿಸಿ. ಕಾಫಿ ಕಣಕ್ಕೆ ಬಿಸಿಲು ಬೀಳುವ ತಿಂಗಳುಗಳಲ್ಲಿ ಈ ಯಾವ ತೊಂದರೆಯೂ ಇಲ್ಲ.

ಸಾಧ್ಯವಾದರೆ ಇಬ್ಬರು ಮಕ್ಕಳ ನಡುವೆ ಒಂದಾದರೂ ಹೆಚ್ಚುವರಿ ಕೋಟು ಬ್ಯಾಗಲ್ಲಿರಲಿ. ಅಳತೆ ತಪ್ಪಿದರೆ ಬದಲಿಸಿಕೊಂಡು ಬರಲು ಹೇಳುತ್ತಾರೆ. ಬದಲಿಸಲು ಇಲ್ಲದಿದ್ದರೆ ಯಾರದೋ ಬೆವರಿದ ಕೋಟು ಬೇಡಿಕೊಂಡು ಓಡಬೇಕಾಗುತ್ತದೆ.

ಬಿಳಿ, ನೀಲಿ ಎರಡೂ ಬೇಕಾ?

ದೊಡ್ಡ ಕೂಟಕ್ಕೆ ಬೇಕು. ಮೊದಲು ಹೆಸರು ಕರೆದವರು ಬಿಳಿ, ಎರಡನೆಯವರು ನೀಲಿ. ತಾಲ್ಲೂಕು, ಜಿಲ್ಲಾ ಮಟ್ಟದಲ್ಲಿ ಹಲವು ಕಡೆ ಇಬ್ಬರೂ ಬಿಳಿಯಲ್ಲೇ ಬಂದು, ಗುರುತಿಗೆ ಒಬ್ಬರು ಬೇರೆ ಬಣ್ಣದ ಪಟ್ಟಿ ಕಟ್ಟಿಕೊಳ್ಳುವುದೂ ಉಂಟು. ನೀಲಿಗೆ ದುಡ್ಡು ಹಾಕುವ ಮುಂಚೆ ಕೇಳಿಕೊಳ್ಳಿ.

ಹುಡುಗಿಯರಿಗೆ ಬೇರೆ ನಿಯಮ ಇದೆಯಾ?

ಆಟದ ನಿಯಮ ಒಂದೇ. ಕೋಟಿನ ಒಳಗೆ ಬಿಳಿ ಟೀಶರ್ಟ್ ಕಡ್ಡಾಯ, ಪ್ಯಾಂಟಿನೊಳಗೆ ಸಿಕ್ಕಿಸಿರಬೇಕು. ಹುಡುಗರು ಒಳಗೆ ಏನೂ ಹಾಕುವಂತಿಲ್ಲ, ಮಡಿಕೇರಿ ಚಳಿ ಎಷ್ಟೇ ಇರಲಿ. ಉದ್ದ ಕೂದಲಿಗೆ ಮೆತ್ತನೆಯ ರಬ್ಬರ್ ಬ್ಯಾಂಡ್ ಮಾತ್ರ, ಕ್ಲಿಪ್ಪು, ಪಿನ್ನು ಬೇಡ. ಓಲೆ, ಮೂಗುಬೊಟ್ಟು, ಕಾಲ್ಗೆಜ್ಜೆ, ಬಳೆ, ಉಂಗುರ, ಕೊರಳ ಸರ ಎಲ್ಲ ತೆಗೆದು ಅಮ್ಮನ ಕೈಗೆ ಕೊಟ್ಟು ಬರಬೇಕು. ಉಗುರು ಮೋಟಾಗಿರಲಿ, ಕಾಲಿನ ಉಗುರೂ ಸೇರಿ. ಕನ್ನಡಕ ಹಾಕಿಕೊಂಡು ಆಡುವಂತಿಲ್ಲ.

ತೂಕ ಹೇಗೆ ನೋಡುತ್ತಾರೆ? ನೂರಿನ್ನೂರು ಗ್ರಾಂ ಜಾಸ್ತಿಯಾದರೆ ಬಿಡ್ತಾರಾ?

ಬಿಡಲ್ಲ. ದೊಡ್ಡವರಲ್ಲಿ ಗಂಡಸರಿಗೆ 60, 66, 73, 81, 90, 100 ಕೆಜಿ ಮತ್ತು 100ಕ್ಕಿಂತ ಮೇಲೆ. ಹೆಂಗಸರಿಗೆ 48, 52, 57, 63, 70, 78 ಮತ್ತು 78ಕ್ಕಿಂತ ಮೇಲೆ. 18ರೊಳಗಿನ ಕೆಡೆಟ್ ವಿಭಾಗದಲ್ಲಿ ಹುಡುಗರಿಗೆ 50 ಕೆಜಿಯಿಂದ, ಹುಡುಗಿಯರಿಗೆ 40 ಕೆಜಿಯಿಂದ ಶುರು. ಶಾಲಾ ಕ್ರೀಡಾಕೂಟದ 14, 17, 19ರೊಳಗಿನ ವಿಭಾಗಗಳಿಗೆ ತೂಕದ ಪಟ್ಟಿ ಬೇರೆಯೇ ಇರುತ್ತದೆ. ಹಳೇ ಪಟ್ಟಿ ನೋಡಿ ಹೆಸರು ಕೊಟ್ಟು, ಅಲ್ಲಿ ಹೋದ ಮೇಲೆ ಪೆಚ್ಚಾಗುವುದು ಮಾಮೂಲು.

ಅಂತಾರಾಷ್ಟ್ರೀಯ ಕೂಟಗಳಲ್ಲಿ ಹಿಂದಿನ ದಿನವೇ ತೂಕ ಮುಗಿಸುತ್ತಾರೆ. ಪಂದ್ಯದ ಬೆಳಗ್ಗೆ ಕೆಲವರನ್ನು ಚೀಟಿ ಎತ್ತಿ ಕರೆದು ಮತ್ತೆ ನೋಡುತ್ತಾರೆ, ಆಗ ತಮ್ಮ ವಿಭಾಗದ ಮಿತಿಗಿಂತ ಶೇಕಡಾ 5ಕ್ಕಿಂತ ಜಾಸ್ತಿ ಇರಬಾರದು. ನಮ್ಮಲ್ಲಿ ಸಾಮಾನ್ಯವಾಗಿ ತೂಕ, ಪಂದ್ಯ ಎರಡೂ ಒಂದೇ ದಿನ.

ಒಂದು ಮಾತು ಹೇಳಲೇಬೇಕು. ಕೈಲ್ ಮುಹೂರ್ತದ ವಾರ ತೂಕವಿದ್ದರೆ ಮನೆಮನೆಯಲ್ಲೂ ಕಡುಬಿಟ್ಟು, ಪಂದಿ ಕರಿ. ಮೂರು ದಿನ ತಿಂದು, ನಾಲ್ಕನೇ ದಿನ ನೀರೂ ಕುಡಿಸದೆ ಸ್ವೆಟರ್ ಹಾಕಿಸಿ ಓಡಿಸುವ ಕೋಚುಗಳಿದ್ದಾರೆ. ಬೆಳೆಯುವ ಮಕ್ಕಳಿಗೆ ಅದು ಬೇಡ. ಮಗುವಿನ ಮೈಗೆ ಸಹಜವಾಗಿರುವ ತೂಕದ ವಿಭಾಗದಲ್ಲೇ ಹೆಸರು ಕೊಡಿ. ಒಂದು ಮೆಟ್ಟಿಲು ಮೇಲಿನ ವಿಭಾಗದಲ್ಲಿ ಸೋತರೂ ಮಗು ಉಂಡು ಆಡಿರುತ್ತದೆ.

ಬೆಲ್ಟಿನ ಬಣ್ಣ ನೋಡಿ ಜೋಡಿ ಮಾಡ್ತಾರಾ?

ಇಲ್ಲ. ವಯಸ್ಸು, ತೂಕ, ಹುಡುಗನಾ ಹುಡುಗಿನಾ, ಇಷ್ಟೇ. ಹಳದಿ ಬೆಲ್ಟಿಗೆ ಕಂದು ಬೆಲ್ಟ್ ಎದುರಾಗಬಹುದು.

ನಮ್ಮ ಹುಡುಗ ಕಬಡ್ಡಿಯವನು. ಚೆನ್ನಾಗಿ ಕಾಲು ಹಿಡಿದು ಕೆಡವಿದ, ಆದರೂ ಅವನಿಗೇ ಶಿಕ್ಷೆ ಕೊಟ್ಟರು!

ನಿಂತು ಆಡುವಾಗ ಸೊಂಟದ ಬೆಲ್ಟಿನ ಕೆಳಗೆ ಕೈ ಹಾಕುವಂತಿಲ್ಲ. ಕಾಲು, ತೊಡೆ, ಪ್ಯಾಂಟು ಯಾವುದೂ ಇಲ್ಲ. ಹಾಕಿದರೆ ಶಿಡೊ, ಅಂದರೆ ದಂಡ. 2010ಕ್ಕಿಂತ ಮುಂಚೆ ಕಾಲು ಹಿಡಿದು ಎತ್ತಿ ಹಾಕುವ ಪಟ್ಟುಗಳು ಧಾರಾಳವಾಗಿದ್ದವು. ಆ ವರ್ಷದಿಂದ ಬಿಗಿ ಮಾಡಿ, 2013ರಲ್ಲಿ ಪೂರ್ತಿ ನಿಲ್ಲಿಸಿದರು. ಬಗ್ಗಿಕೊಂಡು ಕಾಲಿಗೆ ನುಗ್ಗುವುದೇ ಆಟವಾಗಿ, ನೆಟ್ಟಗೆ ನಿಂತು ಎಸೆಯುವುದು ಕಡಿಮೆಯಾಗುತ್ತಿತ್ತು. ನೆಲಕ್ಕೆ ಬಿದ್ದ ಮೇಲೆ ಕಾಲು ಹಿಡಿಯಬಹುದು, ಅಡ್ಡಿಯಿಲ್ಲ. ತನ್ನ ಕಾಲಿನಿಂದ ಎದುರಾಳಿಯ ಕಾಲು ಗುಡಿಸುವುದಕ್ಕೆ, ಸಿಕ್ಕಿಸಿ ಕೆಡವುವುದಕ್ಕೆ ಎಂದಿಗೂ ಅಡ್ಡಿಯಿಲ್ಲ. ನಿಷೇಧ ಕೈಗೆ ಮಾತ್ರ.

ಕಬಡ್ಡಿ, ಕುಸ್ತಿ ಕಲಿತ ಮಕ್ಕಳಿಗೆ ಇದು ಬಿಡಿಸಲಾಗದ ಅಭ್ಯಾಸ. ಪಂದ್ಯದ ಬಿಸಿಯಲ್ಲಿ ಕೈ ತಾನಾಗಿ ಕೆಳಗೆ ಹೋಗುತ್ತದೆ. ಅಭ್ಯಾಸದಲ್ಲೇ ಪ್ರತಿ ಸಲ ನಿಲ್ಲಿಸಿ ತಿದ್ದಬೇಕು.

ಶಿಡೊ ಎಷ್ಟು ಬಂದರೆ ಸೋಲು? ಹಾಕಿಯ ಕಾರ್ಡಿನ ಹಾಗೇನಾ?

ಹೊರಗೆ ಕೂರಿಸುವುದಿಲ್ಲ, ಎದುರಾಳಿಗೆ ಅಂಕವೂ ಹೋಗುವುದಿಲ್ಲ. ಮೊದಲ ಎರಡು ಬೋರ್ಡಿನ ಮೇಲೆ ಸುಮ್ನೆ ಕೂತಿರುತ್ತವೆ. ಮೂರನೆಯದು ಬಂದರೆ ಹಾನ್ಸೊಕು-ಮಾಕೆ, ಪಂದ್ಯ ಕೈಬಿಟ್ಟಿತು.

ಶಿಡೊ ಯಾವುದಕ್ಕೆಲ್ಲ ಬರುತ್ತದೆ? ದಾಳಿ ಮಾಡದೆ ಸುತ್ತುತ್ತಿದ್ದರೆ. ಸುಳ್ಳು ದಾಳಿ ಮಾಡಿ ತಾನೇ ಉರುಳಿ ಬಿದ್ದರೆ. ಹಿಡಿಯಲು ಬಿಡದೆ ಬರೀ ಕೈ ತಳ್ಳುತ್ತಿದ್ದರೆ. ಎದುರಾಳಿಯ ಕೋಟಿನ ತೋಳಿನ ತುದಿಯೊಳಗೆ ಬೆರಳು ತೂರಿಸಿದರೆ. ಬೇಕಂತಲೇ ಬೆಲ್ಟ್ ಬಿಚ್ಚಿಕೊಂಡು ಉಸಿರು ಎಳೆದುಕೊಂಡರೆ. ಗೆರೆ ದಾಟಿ ಹೊರಗೆ ಹೋದರೆ, ಅಥವಾ ಎದುರಾಳಿಯನ್ನು ಹೊರಗೆ ತಳ್ಳಿದರೆ. ಒಂದು ಕಾಲು ಹೊರಗಿಟ್ಟವನು ತಕ್ಷಣ ದಾಳಿ ಮಾಡಬೇಕು ಅಥವಾ ಒಳಗೆ ಬರಬೇಕು.

ನಮ್ಮ ಮಕ್ಕಳಿಗೆ ಜಾಸ್ತಿ ಬರುವುದು ಮೊದಲನೆಯದು. ಮುಂದಿದ್ದೇವೆ ಅಂತ ಗೊತ್ತಾದ ಕೂಡಲೇ ಕಾಲ ಕಳೆಯಲು ನೋಡುತ್ತಾರೆ. ಹಾಕಿಯಲ್ಲಿ ಮೂಲೆಯಲ್ಲಿ ಚೆಂಡು ಇಟ್ಟುಕೊಂಡು ನಿಂತ ಹಾಗೆ ಇಲ್ಲಿ ನಿಲ್ಲಲು ರೆಫರಿ ಬಿಡುವುದಿಲ್ಲ.

ಒಂದೇ ತಪ್ಪಿಗೆ ಪಂದ್ಯದಿಂದ ಹೊರಗೆ ಹಾಕುವುದು ಯಾವಾಗ?

ಜೀವಕ್ಕೆ, ಕೈಕಾಲಿಗೆ ಅಪಾಯ ಇರುವಾಗ. ಎಸೆಯುವ ಆವೇಶದಲ್ಲಿ ತಲೆ ಮುಂದಾಗಿ ಮ್ಯಾಟಿಗೆ ನುಗ್ಗಿದರೆ ನೇರ ಹಾನ್ಸೊಕು-ಮಾಕೆ. ಎಸೆಯಲು ಹೋಗಿ ಕತ್ತು ಮುರಿದುಕೊಂಡರೆ ಯಾರು ಗತಿ? ಎದುರಾಳಿಯ ಎರಡೂ ಕಾಲುಗಳಿಗೆ ಕತ್ತರಿಯಂತೆ ಕಾಲು ಹಾಕಿ ಬೀಳಿಸುವ ಕಾನಿ-ಬಸಾಮಿ ನಿಷಿದ್ಧ. ನಿಂತಲ್ಲೇ ತೋಳು ಮುರಿದು ಜೊತೆಗೇ ನೆಲಕ್ಕೆ ಬೀಳುವುದೂ ಅಷ್ಟೇ. ಕೀಲು ಪಟ್ಟು ಮೊಣಕೈಗೆ ಮಾತ್ರ. ಮಣಿಕಟ್ಟು, ಮಂಡಿ, ಹೆಗಲು ಯಾವುದಕ್ಕೂ ಹಾಕುವಂತಿಲ್ಲ. ರೆಫರಿಗೆ, ಎದುರಾಳಿಗೆ ಬೈದರೂ ಮನೆಗೆ ಕಳಿಸುತ್ತಾರೆ.

ಇದರಲ್ಲಿ ಎರಡು ಬಗೆ. ಮೂರು ಶಿಡೊ ಆಗಿ ಅಥವಾ ತಲೆ ಊರಿ ಸೋತವರು ಆ ಪಂದ್ಯ ಮಾತ್ರ ಕಳೆದುಕೊಳ್ಳುತ್ತಾರೆ, ಡ್ರಾದಲ್ಲಿ, ಅಂದರೆ ಯಾರಿಗೆ ಯಾರು ಎದುರಾಳಿ ಅನ್ನುವ ಪಟ್ಟಿಯಲ್ಲಿ, ಅವಕಾಶವಿದ್ದರೆ ಮುಂದೆ ಆಡಬಹುದು. ಕೆಟ್ಟ ನಡತೆಗೆ ಹೊರಬಿದ್ದವರಿಗೆ ಇಡೀ ಕೂಟವೇ ಮುಗಿಯಿತು.

ನೆಲದಲ್ಲಿ ಒತ್ತಿ ಹಿಡಿದಾಗ ಸೆಕೆಂಡ್ ಲೆಕ್ಕ ಹೇಗೆ?

ಕೆಳಗಿರುವವನ ಬೆನ್ನು, ಒಂದಾದರೂ ಭುಜ ಮ್ಯಾಟಿಗೆ ತಾಗಿರಬೇಕು. ಮೇಲಿರುವವನ ಕಾಲು ಕೆಳಗಿನವನ ಕಾಲುಗಳ ಮಧ್ಯೆ ಸಿಕ್ಕಿರಬಾರದು. ಆಗ ರೆಫರಿ ಕೈ ಚಾಚಿ "ಓಸಾಯೆಕೋಮಿ" ಅನ್ನುತ್ತಾರೆ, ಗಡಿಯಾರ ಓಡುತ್ತದೆ. 5 ಸೆಕೆಂಡ್ ದಾಟಿದರೆ ಯೂಕೋ, 10 ದಾಟಿದರೆ ವಾಜಾ-ಅರಿ, 20 ತುಂಬಿದರೆ ಇಪ್ಪೊನ್. ನಡುವೆ ಕೆಳಗಿನವನು ಮೇಲಿನವನ ಒಂದು ಕಾಲನ್ನು ತನ್ನ ಕಾಲುಗಳಿಂದ ಸಿಕ್ಕಿಸಿಕೊಂಡರೆ "ತೋಕೆತಾ", ಲೆಕ್ಕ ಅಲ್ಲಿಗೆ ನಿಂತಿತು. ಒಳಗೆ ಶುರುವಾದ ಹಿಡಿತ ಉರುಳುತ್ತಾ ಗೆರೆಯಾಚೆ ಹೋದರೂ ಲೆಕ್ಕ ಮುಂದುವರಿಯುತ್ತದೆ. ಇದು ಗೊತ್ತಿಲ್ಲದೆ, ಹೊರಗೆ ಬಂದೆವಲ್ಲ ಅಂತ ಕೈ ಸಡಿಲಿಸಿ ಗೆಲುವು ಬಿಟ್ಟುಕೊಟ್ಟ ಮಕ್ಕಳಿದ್ದಾರೆ.

ಒತ್ತಿ ಹಿಡಿಯುವುದು ನೋಡಲು ಮಜಾ ಇಲ್ಲ ಅನ್ನುವವರಿಗೆ ಒಂದು ಕಥೆ. ಜೂಡೋ ಹುಟ್ಟಿದ್ದು ಜಪಾನಿನಲ್ಲಿ, ಜಿಗೊರೊ ಕಾನೊ 1882ರಲ್ಲಿ ಕೊಡೊಕಾನ್ ಶಾಲೆ ತೆರೆದಾಗ. ಒಲಿಂಪಿಕ್ಸಿಗೆ ಬಂದದ್ದು 1964ರಲ್ಲಿ, ಅದೂ ಟೋಕಿಯೊದಲ್ಲೇ. ತೂಕದ ಮಿತಿಯಿಲ್ಲದ ಮುಕ್ತ ವಿಭಾಗದ ಫೈನಲ್ಲಿನಲ್ಲಿ ಜಪಾನಿನ ಅಕಿಯೊ ಕಾಮಿನಾಗಾ ಎದುರು ನೆದರ್ಲೆಂಡ್ಸಿನ ಆಂಟನ್ ಗೀಸಿಂಕ್. ಗೀಸಿಂಕ್ ಎಸೆದು ಗೆದ್ದದ್ದಲ್ಲ, ನೆಲದಲ್ಲಿ ಒತ್ತಿ ಹಿಡಿದು ಗೆದ್ದರು. ಆಗ 30 ಸೆಕೆಂಡ್ ಹಿಡಿಯಬೇಕಿತ್ತು. ಅವರ ದೇಶದವರು ಖುಷಿಗೆ ಮ್ಯಾಟಿಗೆ ನುಗ್ಗಿದಾಗ ಗೀಸಿಂಕ್ ಕೈ ಎತ್ತಿ ತಡೆದು, ಮೊದಲು ಎದುರಾಳಿಗೆ ನಮಸ್ಕರಿಸಿದರು.

ಕತ್ತು ಹಿಸುಕುವ ಪಟ್ಟು ಮಕ್ಕಳಿಗೂ ಇದೆಯಾ? ಭಯ ಆಗುತ್ತೆ.

ಭಯ ಸಹಜವೇ. ಸಣ್ಣ ಮಕ್ಕಳ ವಿಭಾಗಗಳಲ್ಲಿ ಸಾಮಾನ್ಯವಾಗಿ ಕತ್ತಿನ ಪಟ್ಟು, ಮೊಣಕೈ ಪಟ್ಟು ಎರಡನ್ನೂ ಬಿಡುವುದಿಲ್ಲ. ಇದನ್ನು ಸುತ್ತೋಲೆಯಲ್ಲಿ ಖಚಿತ ಮಾಡಿಕೊಳ್ಳಿ. ಬಿಡುವ ಕಡೆಯಲ್ಲೂ ಬರೀ ಬೆರಳಿನಿಂದ, ಬೆಲ್ಟಿನಿಂದ, ಕೋಟಿನ ಕೆಳ ಅಂಚಿನಿಂದ ಕತ್ತು ಬಿಗಿಯುವಂತಿಲ್ಲ. ಕೆಡೆಟ್ ವಿಭಾಗದಲ್ಲಿ ಪಟ್ಟಿನಲ್ಲಿ ಪ್ರಜ್ಞೆ ತಪ್ಪಿದರೆ ಆ ಮಗು ಅವತ್ತು ಮತ್ತೆ ಆಡುವಂತಿಲ್ಲ.

ಮಗುವಿಗೆ ಕಲಿಸಬೇಕಾದ್ದು ತಟ್ಟುವುದು. ಎದುರಾಳಿಯ ಮೈ ಮೇಲೋ ಮ್ಯಾಟಿನ ಮೇಲೋ ಎರಡು ಸಲ ಜೋರಾಗಿ ತಟ್ಟಿದರೆ ಸಾಕು. ಕೈ ಸಿಕ್ಕಿಬಿದ್ದಿದ್ದರೆ ಬಾಯಲ್ಲಿ "ಮೈತ್ತಾ" ಅನ್ನಬಹುದು. "ತಟ್ಟಬೇಡ, ತಡ್ಕೋ!" ಅಂತ ಗ್ಯಾಲರಿಯಿಂದ ಕೂಗುವ ಅಪ್ಪಂದಿರು ದಯವಿಟ್ಟು ಕಾಫಿ ಕುಡಿದು ಬನ್ನಿ.

ಸಮಯ ಮುಗಿದಾಗ ಇಬ್ಬರೂ ಸಮ ಇದ್ದರೆ?

ಗೋಲ್ಡನ್ ಸ್ಕೋರ್. ಮೊದಲು ಅಂಕ ಪಡೆದವರು ಗೆದ್ದರು, ಯೂಕೋ ಆದರೂ ಸಾಕು. ಸಮಯದ ಮಿತಿಯಿಲ್ಲ. ಮೊದಲಿನ ಶಿಡೊಗಳು ಹಾಗೇ ಇರುತ್ತವೆ. ಎರಡು ಶಿಡೊ ಹೊತ್ತುಕೊಂಡು ಇಲ್ಲಿಗೆ ಬಂದವರು ಕತ್ತಿಯ ಅಲುಗಿನ ಮೇಲೆ ನಿಂತಂತೆ. ಹಿಂದೆ ರೆಫರಿಗಳು ಬಾವುಟ ಎತ್ತಿ ಗೆದ್ದವರನ್ನು ಆರಿಸುತ್ತಿದ್ದರು, ಈಗ ಅದಿಲ್ಲ.

ನಮ್ಮೂರ ಹಾಲ್‌ನಲ್ಲಿ ಕೂಟ ಮಾಡಬಹುದಾ?

ಅಳತೆ ನೋಡಿ. ಆಡುವ ಜಾಗ ಕನಿಷ್ಠ 8 ಮೀಟರ್ ಚದರ, ಗರಿಷ್ಠ 10. ಸುತ್ತಲೂ 3 ಮೀಟರ್ ಸುರಕ್ಷತೆಯ ಜಾಗ. ಅಂದರೆ ಒಂದು ಮ್ಯಾಟಿಗೆ 14 ಮೀಟರ್ ಉದ್ದ, 14 ಮೀಟರ್ ಅಗಲ ಬೇಕು. ನಮ್ಮ ಎಷ್ಟೋ ಕಲ್ಯಾಣ ಮಂಟಪಗಳಲ್ಲಿ ಉದ್ದ ಸಿಗುತ್ತದೆ, ಅಗಲಕ್ಕೆ ಕಂಬ ಅಡ್ಡ ಬರುತ್ತದೆ. ಕಂಬಕ್ಕೆ ದಿಂಬು ಕಟ್ಟಿ ಮುಗಿಸುವ ಯೋಚನೆ ಬೇಡ. ಗ್ರಾನೈಟ್ ನೆಲದ ಮೇಲೆ ಮ್ಯಾಟು ಜಾರಿ ನಡುವೆ ಸಂದು ಬಿಡುತ್ತದೆ, ಕಾಲ್ಬೆರಳು ಮುರಿಯುವುದು ಆ ಸಂದಿನಲ್ಲೇ. ಪ್ರತಿ ಪಂದ್ಯದ ನಡುವೆ ಒಬ್ಬರು ಸುತ್ತು ಬಂದು ಕಾಲಲ್ಲಿ ಒತ್ತಿ ಕೂಡಿಸುತ್ತಿರಬೇಕು.

ಕೋಚ್ ಆಟದ ಮಧ್ಯೆ ಹೇಳಿಕೊಡಬಹುದಾ?

ಆಟ ನಡೆಯುವಾಗ ಸುಮ್ಮನಿರಬೇಕು. ರೆಫರಿ "ಮತ್ತೆ" ಅಂದು ನಿಲ್ಲಿಸಿದಾಗ ಮಾತಾಡಬಹುದು, "ಹಾಜಿಮೆ" (ಶುರು ಮಾಡಿ) ಅಂದ ಕೂಡಲೇ ಬಾಯಿ ಮುಚ್ಚಬೇಕು. ಮಗುವಿಗೂ ಹೇಳಿಕೊಡಿ: ರೆಫರಿ "ಮತ್ತೆ" ಅಂದರೆ ಮತ್ತೆ ಶುರು ಮಾಡು ಅಂತಲ್ಲ, ನಿಲ್ಲು ಅಂತ. ನಗಬೇಡಿ, ಹೊಸ ಮಕ್ಕಳು ನಿಜವಾಗಿಯೂ ಗಲಿಬಿಲಿಯಾಗುತ್ತಾರೆ.

ರೆಫರಿ ತಪ್ಪು ಮಾಡಿದರು, ನನ್ನ ಮೊಬೈಲಲ್ಲಿ ವಿಡಿಯೋ ಇದೆ.

ಇಟ್ಟುಕೊಳ್ಳಿ, ಮನೆಯಲ್ಲಿ ನೋಡಿ. ದೊಡ್ಡ ಕೂಟಗಳಲ್ಲಿ ಅಧಿಕಾರಿಗಳದೇ ವಿಡಿಯೋ ಇರುತ್ತದೆ, ಮೇಜಿನಲ್ಲಿರುವವರು ನೋಡಿ ತಿದ್ದುತ್ತಾರೆ. ಪೋಷಕರ ಮೊಬೈಲಿಗೆ ಬೆಲೆಯಿಲ್ಲ.

ರಕ್ತ ಬಂದರೆ ಪಂದ್ಯ ನಿಲ್ಲಿಸ್ತಾರಾ?

ನಿಲ್ಲಿಸಿ, ಒರೆಸಿ, ಪಟ್ಟಿ ಕಟ್ಟಿಸುತ್ತಾರೆ. ಅದೇ ಗಾಯಕ್ಕೆ ಎರಡು ಸಲ ಅವಕಾಶ. ಮೂರನೇ ಸಲ ರಕ್ತ ಬಂದರೆ ಎದುರಾಳಿ ಗೆದ್ದಂತೆ.

ಕುರಾಶ್ ಅಂತ ಇನ್ನೊಂದು ಆಟ ಇದೆಯಂತೆ. ಜೂಡೋ ಮಕ್ಕಳು ಅದನ್ನೂ ಆಡಬಹುದಾ?

ಆಡುತ್ತಾರೆ, ಗೆದ್ದೂ ಇದ್ದಾರೆ. ಉಜ್ಬೇಕಿಸ್ತಾನದ ಆಟ, ಅಲ್ಲೂ ಕೋಟು ಹಿಡಿದೇ ಎಸೆಯುವುದು. ನೆಲದ ಆಟ ಇಲ್ಲವೇ ಇಲ್ಲ, ಕತ್ತಿನ ಪಟ್ಟು, ಕೀಲು ಪಟ್ಟು ಇಲ್ಲ, ಬೆಲ್ಟಿನ ಕೆಳಗೆ ಹಿಡಿಯುವಂತಿಲ್ಲ. 2018ರ ಜಕಾರ್ತ ಏಷ್ಯನ್ ಗೇಮ್ಸಿನಲ್ಲಿ 52 ಕೆಜಿ ವಿಭಾಗದಲ್ಲಿ ಪಿಂಕಿ ಬಲ್ಹಾರಾ ಬೆಳ್ಳಿ, ನಮ್ಮ ಬೆಳಗಾವಿಯ ಮಲಪ್ರಭಾ ಜಾಧವ್ ಕಂಚು ಗೆದ್ದರು. ಮಲಪ್ರಭಾ ಜೂಡೋದಿಂದಲೇ ಬಂದವರು. ಜೂಡೋದಲ್ಲೇ ಹೆಸರು ಮಾಡಿದವರು ಬೇಕೆಂದರೆ ಮಣಿಪುರದ ಲಿಂತೋಯಿ ಚನಂಬಮ್ ಇದ್ದಾರೆ. 2022ರಲ್ಲಿ ಸರಾಯೆವೊದಲ್ಲಿ ವಿಶ್ವ ಕೆಡೆಟ್ ಚಿನ್ನ ಗೆದ್ದರು, 57 ಕೆಜಿಯಲ್ಲಿ. ಅದೇ ವರ್ಷದ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ಸುಶೀಲಾ ದೇವಿ, ತೂಲಿಕಾ ಮಾನ್ ಬೆಳ್ಳಿ, ವಿಜಯ್ ಕುಮಾರ್ ಯಾದವ್ ಕಂಚು ತಂದರು.

ಸೋತಾಯಿತಲ್ಲ, ಮನೆಗೆ ಹೊರಡಬಹುದಾ?

ತಡೀರಿ. ಡ್ರಾ ಹಾಳೆ ನೋಡದೆ ಹೊರಡಬೇಡಿ. ಕ್ವಾರ್ಟರ್ ಫೈನಲ್ಲಿನಲ್ಲಿ ಸೋತವರಿಗೆ ರೆಪಶಾಜ್ ಅಂತ ಇನ್ನೊಂದು ದಾರಿ ಇರುತ್ತದೆ. ಅಲ್ಲಿ ಗೆದ್ದರೆ ಸೆಮಿಫೈನಲ್ಲಿನಲ್ಲಿ ಸೋತವರ ಜೊತೆ ಕಂಚಿಗೆ ಆಡಬಹುದು. ಕಂಚು ಎರಡು ಕೊಡುತ್ತಾರೆ. ಸ್ಪರ್ಧಿಗಳು ಕಡಿಮೆ ಇದ್ದರೆ ಎಲ್ಲರೂ ಎಲ್ಲರ ಜೊತೆ ಆಡುವ ಪದ್ಧತಿಯೂ ಇದೆ, ಆಗಂತೂ ಒಂದು ಸೋಲಿಗೆ ಏನೂ ಆಗುವುದಿಲ್ಲ.

ಮೈಸೂರಿನಲ್ಲಿ ವಿಭಾಗ ಮಟ್ಟದ ಕೂಟವಿದ್ದಾಗ ನಮ್ಮವರದ್ದು ಇದೇ ರಗಳೆ. ಸಂಜೆ ಮಡಿಕೇರಿ ಬಸ್ಸು ತಪ್ಪೀತು ಅಂತ ಮಗು ಸೋತ ಕೂಡಲೇ ಡ್ರೆಸ್ ಬಿಚ್ಚಿಸಿ ಹೊರಡುತ್ತಾರೆ. ಆಮೇಲೆ ಮೈಕಿನಲ್ಲಿ ಹೆಸರು ಕೂಗಿದ್ದೇ ಕೂಗಿದ್ದು. ಬರದಿದ್ದರೆ ಎದುರಾಳಿ ಆಡದೆಯೇ ಗೆದ್ದ. ಹೊರಡುವ ಮುಂಚೆ ಮೇಜಿನ ಬಳಿ ಬಂದು ಮಗುವಿನ ಹೆಸರು, ತೂಕ ಹೇಳಿ ಕೇಳಿ. ಪಂದ್ಯ ಬಾಕಿ ಇದ್ದರೆ ಹೇಳುತ್ತೇವೆ, ಇಲ್ಲದಿದ್ದರೆ ಧಾರಾಳವಾಗಿ ಹೋಗಿ ಬಸ್ಸು ಹಿಡಿಯಿರಿ.